ಉಗುಳುವ ಪಾತ್ರೆ

ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಉಗುಳುವ ಪಾತ್ರೆಗಳು ಎರಡಿದ್ದವು. ಒಂದು ನಮ್ಮ ಮನೆಯವರದು, ಅಗಲ ಬಾಯಿಯ ಹಿತ್ತಾಳೆ ಪೀಕದಾನಿ. ಇನ್ನೊಂದು ನನ್ನ ತಮ್ಮನದು, ಸ್ಟೀಲಿನ ಸಣ್ಣ ಬಕೆಟ್ಟು. ಎರಡನ್ನೂ ದಿನಾ ಸಂಜೆ ತೊಳೆಯುತ್ತಿದ್ದವಳು ನಾನು. ಹಿತ್ತಾಳೆಯದಕ್ಕೆ ಹುಣಸೆಹುಳಿ, ಬೂದಿ ಬೇಕು. ಸ್ಟೀಲಿನದಕ್ಕೆ ಸೋಪಿನ ಪುಡಿ ಸಾಕು. ಕಾಫಿಯ ಎಂಜಲು ಕರೆ ಕಟ್ಟುತ್ತದೆ. ಬಿಳಿ ವೈನಿನದು ಕಟ್ಟುವುದಿಲ್ಲ, ಆದರೆ ಅದರ ಹುಳಿವಾಸನೆ ಮಾರನೆಯ ದಿನವೂ ಸುಳಿಯುತ್ತಿರುತ್ತದೆ. ಇಷ್ಟು ವಿವರ ಯಾಕೆ ಬರೆಯುತ್ತಿದ್ದೇನೆಂದರೆ, ತಮ್ಮನಿಗೆ ಏನಾಗುತ್ತಿದೆ ಎಂದು ನನಗೆ ತಿಳಿದದ್ದೇ ಆ ಬಕೆಟ್ಟು ತೊಳೆಯುವ ಕೆಲಸದಿಂದ.

ನಮ್ಮ ಮನೆಯವರು ಕಾಫಿ ಟೇಸ್ಟರ್. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ದುಡಿದು, ನಿವೃತ್ತರಾದ ಮೇಲೆ ಮೂಡಿಗೆರೆಯಲ್ಲಿ ಮನೆ ಕಟ್ಟಿಕೊಂಡರು. ಈಗಲೂ ಬೆಳೆಗಾರರು, ವ್ಯಾಪಾರಿಗಳು ಸ್ಯಾಂಪಲ್ ಪೊಟ್ಟಣ ತಂದುಕೊಡುತ್ತಾರೆ. ಇವರು ಅದನ್ನು ಹುರಿದು, ಪುಡಿ ಮಾಡಿ, ಬಟ್ಟಲುಗಳಲ್ಲಿ ಬಿಸಿನೀರು ಹೊಯ್ದು, ಚಮಚದಲ್ಲಿ ಎತ್ತಿ ಸುರ್ರೆಂದು ಎಳೆದುಕೊಂಡು, ಬಾಯೆಲ್ಲ ಆಡಿಸಿ, ಪೀಕದಾನಿಗೆ ಉಗುಳುತ್ತಾರೆ. ಆಮೇಲೆ ಒಂದೊಂದೇ ಮಾತು. ಗೋಣಿಚೀಲದ ವಾಸನೆ. ಒಣಗಿದ್ದು ಸಾಲದು. ಬೂಷ್ಟು ಹಿಡಿದಿದೆ. ಮದುವೆಯಾದ ಹೊಸತರಲ್ಲಿ ಆ ಸುರ್ರೆನ್ನುವ ಸದ್ದಿಗೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ತಿನ್ನುವಾಗ ಸದ್ದು ಮಾಡಬಾರದು, ಬಾಯಿಗೆ ಹಾಕಿಕೊಂಡದ್ದನ್ನು ಉಗುಳಬಾರದು ಎಂದು ಬೆಳೆಸಿದ ಮನೆಯಿಂದ ಬಂದವಳು ನಾನು. ಇಲ್ಲಿ ನೋಡಿದರೆ ಉಗುಳುವುದೇ ಅನ್ನ.

ನನ್ನ ತಮ್ಮ ವೈನು ಮಾರುವವನು. ಹೋಟೆಲ್ ಕೆಲಸದ ಓದು ಓದಿ, ಒಂದೆರಡು ದೊಡ್ಡ ಹೋಟೆಲುಗಳಲ್ಲಿ ಬಾರ್ ನೋಡಿಕೊಂಡು, ಕೊನೆಗೆ ಜರ್ಮನಿಯ ವೈನು ತರಿಸಿ ಮಾರುವ ಕಂಪನಿಯೊಂದಕ್ಕೆ ಸೇರಿದ. ಮದುವೆಯಾಗಿತ್ತು, ಉಳಿಯಲಿಲ್ಲ. ಕಂಪನಿಯವರು ಒಮ್ಮೆ ಅವನನ್ನು ಜರ್ಮನಿಗೆ ಕಳಿಸಿ, ಮೊಸೆಲ್ ನದಿಯ ದಂಡೆಯ ದ್ರಾಕ್ಷಿ ತೋಟಗಳನ್ನೆಲ್ಲ ತೋರಿಸಿದ್ದರು. ಅಲ್ಲಿಂದ ಅವನು ನನಗೆ ಸೀರೆಯನ್ನಲ್ಲ, ಚಾಕಲೇಟನ್ನೂ ಅಲ್ಲ, ಅಂಗೈ ಅಗಲದ ಒಂದು ಕಪ್ಪು ಕಲ್ಲು ತಂದಿದ್ದ.

"ಇದೇನೋ?" ಅಂದೆ.

"ಸ್ಲೇಟು ಅಕ್ಕ. ನಾವು ಬಳಪದಲ್ಲಿ ಬರೀತಿದ್ವಲ್ಲ, ಅದೇ ಕಲ್ಲು. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಇದು. ಮಣ್ಣು ಅನ್ನೋದೇ ಇಲ್ಲ, ಬರೀ ಚೂರು ಕಲ್ಲು. ಹಗಲು ಬಿಸಿಲು ಕುಡಿದು, ರಾತ್ರಿ ಬಳ್ಳಿಗೆ ಕಾವು ಕೊಡುತ್ತೆ."

"ಅದಕ್ಕೆ ವಿಮಾನದಲ್ಲಿ ಕಲ್ಲು ಹೊತ್ತುಕೊಂಡು ಬಂದ್ಯಾ?"

"ಇದನ್ನ ತೋರ್ಸಿದ್ರೇ ಅಕ್ಕ, ಜನ ನಂಬೋದು."

ಹಾಗೆ ಅವನಿಗೆ ಆ ದೇಶದ ವೈನು ಬರೀ ಮಾರುವ ಸರಕಾಗಿರಲಿಲ್ಲ. ಅದೇ ಕಷ್ಟವಾಯಿತು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾಯಿತು. ಹೊಟ್ಟೆ ಉಬ್ಬಿತು, ಕಾಲು ಊದಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತಿದ್ದವಳು ನಾನೇ. ಅಲ್ಲಿಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಅವನ ಎದುರಿಗೇ ನನಗೆ ಹೇಳಿದರು: "ಲಿವರ್ ಗಟ್ಟಿಯಾಗಿದೆ. ಇರೋದನ್ನ ಉಳಿಸ್ಕೋಬಹುದು. ಆದ್ರೆ ಇನ್ನು ಒಂದು ತೊಟ್ಟೂ ಒಳಗೆ ಹೋಗಬಾರದು. ಬಿಯರು, ವೈನು, ಕೆಮ್ಮಿನ ಔಷಧಿಲಿರೋದು, ಯಾವುದೂ. ಹೋದ್ರೆ ನಾನು ಮಾಡೋದಕ್ಕೆ ಏನೂ ಉಳಿದಿರೋದಿಲ್ಲ."

ಅವನನ್ನು ಮೂಡಿಗೆರೆಗೆ ಕರೆದುಕೊಂಡು ಬಂದೆ. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಸೊಪ್ಪು, ಹೆಸರುಬೇಳೆ ತಿಳಿ. ಮೂಗು ಮುರಿಯುತ್ತಲೇ ಉಂಡ. ನಿಧಾನಕ್ಕೆ ಕಣ್ಣು ಬೆಳ್ಳಗಾಯಿತು, ಕಾಲಿನ ಊತ ಇಳಿಯಿತು. ಬಟ್ಟೆ ಅಂಗಡಿಯಲ್ಲೋ ಹೋಂಸ್ಟೇಯಲ್ಲೋ ಲೆಕ್ಕ ಬರೆಯುವ ಕೆಲಸ ಹುಡುಕಿಕೊಡೋಣವೆಂದು ನಾವು ಗಂಡ ಹೆಂಡತಿ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಕಂಪನಿಯಿಂದ ಫೋನು ಬಂತು. ಕಾಫಿಗೆ ರೇಟು ಬಂದ ಕಾಲ. ಬೆಟ್ಟದ ಮೇಲೆ ಎಲ್ಲಿ ನೋಡಿದರೂ ರೆಸಾರ್ಟು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೂರೂ ಕಡೆ ಜರ್ಮನಿ ವೈನು ಪರಿಚಯ ಮಾಡಿಸಲು ಇಲ್ಲಿಯವನೇ ಬೇಕಂತೆ. ಇವನು ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಮಾತಾಡಿದ. ತಿರುಗಿ ಬಂದವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ಒಪ್ಪಿಕೊಂಡಿದ್ದಾನೆ ಅಂತ.

"ಡಾಕ್ಟರಮ್ಮ ಹೇಳಿದ್ದು ಮರೆತುಹೋಯ್ತಾ?" ಅಂದೆ.

"ನಾನೆಲ್ಲಿ ಕುಡೀತೀನಿ ಅಂದೆ? ರುಚಿ ನೋಡಿ ಉಗೀತೀನಿ. ಪ್ರಪಂಚದಲ್ಲಿ ವೈನ್ ಟೇಸ್ಟರುಗಳೆಲ್ಲ ಉಗಿಯೋದೇ ಅಕ್ಕ. ಇಷ್ಟು ದಿನ ನಾನು ಸೋಮಾರಿತನಕ್ಕೆ ನುಂಗ್ತಿದ್ದೆ, ಅಷ್ಟೆ. ಭಾವ ಇಷ್ಟು ವರ್ಷದಿಂದ ಉಗೀತಾ ಇಲ್ವಾ? ಅವರಿಗೇನಾಗಿದೆ?"

"ಬೇರೆ ಕೆಲಸ ಮಾಡೋ."

"ನಂಗೆ ಬೇರೆ ಏನು ಬರುತ್ತೆ ಹೇಳು."

ಅವನಿಗೆ ನಿಜವಾಗಿ ಬೇರೇನೂ ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆಯೇ ಹಿಂದಿನ ಜಗಲಿಯಲ್ಲಿ ಪಾಠ ಶುರುವಾಯಿತು. ನಮ್ಮ ಮನೆಯವರು ಸ್ಟೂಲಿನ ಮೇಲೆ, ಇವನು ಮೆಟ್ಟಿಲ ಮೇಲೆ. ಮೊದಲು ಬರೀ ನೀರು.

"ತಲೆ ಮುಂದಕ್ಕೆ ಬಗ್ಗಿಸ್ಬೇಕು," ಇವರು ಹೇಳುತ್ತಿದ್ದರು. "ತಲೆ ಹಿಂದಕ್ಕೆ ಹೋಯ್ತೋ, ಗಂಟಲು ತಾನಾಗೇ ಬಾಗಿಲು ತೆಗೆಯುತ್ತೆ. ನಾಲಿಗೆ ಬುಡ ಮೇಲಕ್ಕೆ ಎತ್ತಿ ಹಿಡಿ. ಹಾಂ. ಈಗ ಬಿಡು."

ನೀರು ಅವನ ಅಂಗಿಯ ಮೇಲೆಲ್ಲ ಬಿತ್ತು.

"ಭಾವ, ಉಗಿಯೋದಕ್ಕೂ ಇಷ್ಟು ಶಾಸ್ತ್ರ ಇದೆ ಅಂತ ಗೊತ್ತಿರ್ಲಿಲ್ಲ."

"ನುಂಗೋದನ್ನ ಯಾರೂ ಕಲಿಸ್ಬೇಕಾಗಿಲ್ಲ ಮಾರಾಯ. ಅದಕ್ಕೇ ನಿನ್ನ ಲಿವರು ಹಂಗಾಗಿರೋದು."

"ಇಬ್ರೂ ಸೇರಿ ನನ್ನ ದಾಸವಾಳದ ಬುಡಕ್ಕೆ ಉಗಿದು ಗಿಡ ಸಾಯಿಸ್ಬೇಡಿ," ಎಂದು ನಾನು ಒಳಗಿನಿಂದ ಕೂಗಿದೆ. ಇಬ್ಬರೂ ನಕ್ಕರು. ಆ ನಗು ಕೇಳಿ ನನಗೂ ಧೈರ್ಯ ಬಂತು. ನೀರಾದ ಮೇಲೆ ಕಾಫಿ, ಕಾಫಿಯಾದ ಮೇಲೆ ದ್ರಾಕ್ಷಿ ರಸ. ವಾರ ಕಳೆಯುವುದರೊಳಗೆ ಅವನು ಕೂತಲ್ಲಿಂದಲೇ ಬಕೆಟ್ಟಿನೊಳಕ್ಕೆ ಸಣ್ಣ ಧಾರೆಯಾಗಿ ಬಿಡುವಷ್ಟು ಪಳಗಿದ. ನಮ್ಮ ಮನೆಯವರು ಅವನಿಗೊಂದು ನಿಯಮ ಹಾಕಿಕೊಟ್ಟರು. ಉಗಿದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ ಅದನ್ನೂ ಬಕೆಟ್ಟಿಗೇ ಬಿಡಬೇಕು, ಬಕೆಟ್ಟನ್ನು ತೊಳೆಯದೆ ಮನೆಗೆ ತರಬೇಕು. ನನಗೆ ನೋಡಲಿಕ್ಕೆ ಅಂತ ಅವರೇನೂ ಹೇಳಲಿಲ್ಲ. ಆದರೆ ಮೂವರಿಗೂ ಅರ್ಥವಾಗಿತ್ತು. ಬಾಯಿಯಲ್ಲಿ ಆಡಿಸಿದರೂ ಒಂದಿಷ್ಟು ಒಳಗೆ ಹೋಗುತ್ತದೆ ಎನ್ನುವುದೂ ಮೂವರಿಗೂ ಗೊತ್ತಿತ್ತು. ಡಾಕ್ಟರಮ್ಮನನ್ನು ಯಾರೂ ಕೇಳಲಿಲ್ಲ.

ಆ ಕೆಲವು ತಿಂಗಳು ಚೆನ್ನಾಗಿದ್ದವು. ಊಟದ ಕೋಣೆಯ ಗೋಡೆಗೆ ಕಂಪನಿಯ ಬಣ್ಣದ ನಕ್ಷೆ ಅಂಟಿಸಿದ್ದ. ಜರ್ಮನಿಯಲ್ಲಿ ವೈನು ಬೆಳೆಯುವ ಹದಿಮೂರು ಸೀಮೆಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಹೆಚ್ಚಿನವು ನದಿಗಳ ದಂಡೆಯಲ್ಲೇ. ಅಕ್ಕಿ ಆರಿಸುತ್ತ ಕೂತ ನನಗೆ ಅವನು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದ. ಹಸಿರು ಉದ್ದ ಬಾಟಲಿಯಾದರೆ ಮೊಸೆಲ್, ಕಂದು ಬಾಟಲಿಯಾದರೆ ರೈನ್ ದಂಡೆಯದು, ಅದು ಹಳೇ ವಾಡಿಕೆ. ಫಾಲ್ಟ್ಸ್ ಅನ್ನುವ ಸೀಮೆಯಲ್ಲಿ ಬಿಸಿಲು ಜಾಸ್ತಿ, ಅಂಜೂರವೂ ಹಣ್ಣಾಗುತ್ತದೆ. ಇನ್ನೂ ದಕ್ಷಿಣಕ್ಕೆ ಬಾಡನ್, ಅಲ್ಲಿ ಕೆಂಪು ವೈನು. ಮೊಸೆಲ್ ಗುಡ್ಡಗಳು ಎಷ್ಟು ಕಡಿದೆಂದರೆ ಟ್ರ್ಯಾಕ್ಟರು ನಿಲ್ಲುವುದಿಲ್ಲ, ಎಲ್ಲ ಕೈಕೆಲಸ.

"ಕೆಲಸಕ್ಕೆ ಜನ?" ಅಂತ ನಮ್ಮ ಮನೆಯವರು ಕೇಳಿದರು. ತೋಟದ ಊರಿನವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

"ಹೊರಗಿನೋರು ಭಾವ. ಪೋಲೆಂಡು, ರುಮೇನಿಯಾ ಕಡೆಯಿಂದ ಕುಯ್ಲಿಗೆ ಬರ್ತಾರೆ. ನಮ್ಮಲ್ಲಿಗೆ ಅಸ್ಸಾಮಿನೋರು ಬರ್ತಾರಲ್ಲ, ಹಂಗೇ."

"ಹಂಗಾದ್ರೆ ಅಲ್ಲೂ ಅದೇ ಪಾಡು ಅನ್ನು."

ಅಲ್ಲಿ ಪ್ರತಿ ಸೀಮೆಗೂ ವರ್ಷಕ್ಕೊಬ್ಬಳು ಹುಡುಗಿಯನ್ನು ವೈನಿನ ರಾಣಿ ಎಂದು ಆರಿಸುತ್ತಾರಂತೆ. ಕಿರೀಟ ಇಟ್ಟುಕೊಂಡು ಊರೂರು ತಿರುಗಿ ತಮ್ಮ ಸೀಮೆಯ ವೈನಿನ ಬಗ್ಗೆ ಮಾತಾಡುವುದು ಅವಳ ಕೆಲಸ. ಬರೀ ಚೆಂದವಿದ್ದರೆ ಸಾಲದು, ಪ್ರಶ್ನೆ ಕೇಳಿ ಪರೀಕ್ಷೆ ಮಾಡುತ್ತಾರಂತೆ. "ಕಾಫಿಗೆ ಅಂಥದ್ದು ಇದ್ದಿದ್ರೆ ಅಕ್ಕನೇ ರಾಣಿ," ಎಂದು ತಮ್ಮ ಅಂದ. "ಕಿರೀಟದ ಬದಲು ಈ ಮೊರ ಕೊಡ್ತಿದ್ರು," ಎಂದರು ಇವರು. ಹೀಗೆ ಮಾತು.

ಒಂದು ಮಧ್ಯಾಹ್ನ ಅವನು ಹಳೆಯ ಬಾಟಲಿಯೊಂದರಿಂದ ಅರ್ಧ ಚಮಚ ನನಗೂ ಕೊಟ್ಟ. ರೀಸ್ಲಿಂಗ್ ಅಂತ ದ್ರಾಕ್ಷಿ, ಆ ದೇಶದ ಹೆಮ್ಮೆಯ ಜಾತಿ. ಮೂಗಿನ ಹತ್ತಿರ ತಂದವಳು ಹಾಗೇ ಹಿಂದೆ ಸರಿದೆ.

"ಸೀಮೆಎಣ್ಣೆ ಕಣೋ! ಸ್ಟವ್ ಪಕ್ಕ ಇಟ್ಟಿದ್ರಾ ಇದನ್ನ?"

ಅವನು ತೊಡೆ ತಟ್ಟಿಕೊಂಡು ನಕ್ಕ. "ಅದೇ ಅಕ್ಕ! ಒಳ್ಳೆ ರೀಸ್ಲಿಂಗ್ ಹಳೇದಾದ್ರೆ ಬರೋ ವಾಸನೇನೇ ಅದು. ಬಲ್ಲೋರು ಅದಕ್ಕೇ ಹೆಚ್ಚು ಕೊಟ್ಟು ತಗೊಳ್ಳೋದು."

"ಸೀಮೆಎಣ್ಣೆ ವಾಸನೆಗಾ? ರೇಷನ್ ಅಂಗಡೀಲಿ ಕೊಡ್ತಿದ್ದಾಗ ಹೇಳ್ಬಾರ್ದಿತ್ತಾ ಮಾರಾಯ."

ನಾಲಿಗೆಗೆ ಇಟ್ಟುಕೊಂಡಾಗ ಮಾತ್ರ ಬೇರೆ. ಮೊದಲು ಬೆಲ್ಲದ ಪಾನಕದಂಥ ಸಿಹಿ, ಹಿಂದೆಯೇ ಎಳೆ ಮಾವಿನಕಾಯಿಯ ಹುಳಿ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ತಾನೂ ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಯಿ ತುಂಬ ಆಡಿಸಿ, ಬಕೆಟ್ಟಿಗೆ ಬಗ್ಗಿ ಉಗಿದ. ಉಗಿಯುವ ಮುಂಚೆ ಒಂದು ಕ್ಷಣ ನಿಂತ. ತುಂಬ ಇಷ್ಟದವರನ್ನು ಬಸ್ಸು ಹತ್ತಿಸುವಾಗ ಹಾಗೆ ನಿಲ್ಲುತ್ತೇವೆ.

ಹೊರಗಿನ ಪ್ರವಾಸಿಗರು ಬರುವ ರೆಸಾರ್ಟುಗಳಲ್ಲಿ ಅವನ ಉಗುಳುವಿಕೆ ಯಾರಿಗೂ ವಿಚಿತ್ರವಾಗಲಿಲ್ಲ. ಅಲ್ಲಿಯ ಮ್ಯಾನೇಜರುಗಳು ಇಂಥದ್ದನ್ನೆಲ್ಲ ಕಂಡವರು. ದಿನಾ ಸಂಜೆ ಬಕೆಟ್ಟು ಮನೆಗೆ ಬರುತ್ತಿತ್ತು, ತಳದಲ್ಲಿ ನೊರೆ ನೊರೆ ಎಂಜಲು, ನೀರು. ನಾನು ತೊಳೆದು ಬೋರಲು ಹಾಕುತ್ತಿದ್ದೆ. ಅದು ತುಂಬಿ ಬಂದಷ್ಟೂ ನನಗೆ ಸಮಾಧಾನ.

ಆದರೆ ರೆಸಾರ್ಟುಗಳಲ್ಲಿ ಹೋಗುತ್ತಿದ್ದುದು ಒಂದೊಂದೇ ಬಾಟಲಿ. ಪೆಟ್ಟಿಗೆಗಟ್ಟಲೆ ಕೊಳ್ಳುವವರು ದೊಡ್ಡ ಕಾಫಿ ತೋಟಗಳ ಪ್ಲಾಂಟರುಗಳು, ಅವರನ್ನು ಹಿಡಿ ಎಂದು ಕಂಪನಿ ಒತ್ತಾಯಿಸಿತು. ಸಾಲದ್ದಕ್ಕೆ ಒಂದು ಹಳೆಯ ಅಪವಾದವೂ ಇತ್ತು. ಜರ್ಮನಿ ವೈನೆಂದರೆ ಅಗ್ಗದ ಸಿಹಿ ನೀರು ಎಂದು ಹಿರಿಯ ಪ್ಲಾಂಟರುಗಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ತೆಗೆಯಲು ಅವನೊಂದು ಉಪಾಯ ಮಾಡಿದ. ಕುಯ್ಲು ಮುಗಿದು ಎಲ್ಲರೂ ಸ್ವಲ್ಪ ಬಿಡುವಾದ ಹೊತ್ತಿನಲ್ಲಿ, ದೇವರಮನೆ ಬೆಟ್ಟದ ದಾರಿಯ ಒಂದು ರೆಸಾರ್ಟಿನ ಹುಲ್ಲುಹಾಸಿನಲ್ಲಿ ಮಧ್ಯಾಹ್ನದ ಊಟ. ನಮ್ಮ ಕಡೆಯ ಹಂದಿ ಸಾರು, ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಅದರ ಜೊತೆಗೆ ಸ್ವಲ್ಪ ಸಿಹಿ ಉಳಿಸಿದ ಮೊಸೆಲ್ ವೈನು. ಖಾರದ ಊಟಕ್ಕೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ ಎಂದು ತೋರಿಸಬೇಕು. ಅಡುಗೆಗೆ ಬೇರೆ ಯಾರನ್ನೂ ನಂಬಲಾರೆ ಎಂದು ನನ್ನನ್ನೇ ಹೊರಡಿಸಿದ. ನಮ್ಮ ಮನೆಯವರೂ ಬಂದರು. ಅಲ್ಲಿ ಸೇರಿದ್ದವರಲ್ಲಿ ಅರ್ಧ ಜನರ ಕಾಫಿಯನ್ನು ಅವರು ಎಂದೋ ರುಚಿ ನೋಡಿದ್ದವರೇ.

ಎಲ್ಲರಿಗಿಂತ ಹಿರಿಯರು ಬಣಕಲ್ ಕಡೆಯ ಒಬ್ಬರು ಪ್ಲಾಂಟರ್. ಸುತ್ತಿನ ಊರುಗಳಲ್ಲಿ ಅವರನ್ನು ಸಾಹುಕಾರ್ರು ಎಂದೇ ಕರೆಯುವುದು. ಅವರು ಒಂದು ಪೆಟ್ಟಿಗೆ ಕೊಂಡರೆ ಉಳಿದವರು ಎರಡು ಕೊಳ್ಳುತ್ತಾರೆ ಎಂದು ತಮ್ಮ ಮೊದಲೇ ಹೇಳಿದ್ದ.

ಅವನು ಚೆನ್ನಾಗಿ ಮಾತಾಡಿದ. ಸ್ಲೇಟು ಕಲ್ಲಿನ ಮೇಲೆ ನೀರು ಚಿಮುಕಿಸಿ ಕೈಯಿಂದ ಕೈಗೆ ದಾಟಿಸಿದ. "ಮೂಸಿ ನೋಡಿ ಸರ್. ಇದೇ ವಾಸನೆ ಗ್ಲಾಸಿನಲ್ಲೂ ಸಿಗುತ್ತೆ." ಪ್ಲಾಂಟರುಗಳು ಕಲ್ಲು ಮೂಸಿ, ಇಳಿಜಾರು ಎಷ್ಟು, ನೆರಳಿಗೆ ಮರ ಇದೆಯೋ ಎಂದೆಲ್ಲ ವಿಚಾರಿಸಿದರು. ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟುವ ತನಕ ಕಾದು ಕುಯ್ಯುವ ವೈನೂ ಒಂದಿದೆ, ಈಚೆಗೆ ಅಲ್ಲಿಯೂ ಚಳಿ ಸಾಲದೆ ಅದು ಕೈಗೆ ಸಿಗುವುದೇ ಅಪರೂಪವಾಗಿದೆ ಎಂದಾಗ, "ನಮ್ಮ ಹೂಮಳೆ ಕಥೆನೇ ಬಿಡು, ಕಾಫಿ ಹೂ ಬಿಡೋ ಹೊತ್ತಿಗೆ ಮಳೇನೇ ಇರಲ್ಲ," ಎಂದು ಯಾರೋ ನಿಟ್ಟುಸಿರುಬಿಟ್ಟರು. ಜನ ಅವನ ಮಾತಿಗೆ ಒಲಿದಿದ್ದರು. ಆಮೇಲೆ ಎಲ್ಲರ ಗ್ಲಾಸಿಗೂ ಬಗ್ಗಿಸಿ, ತಾನೂ ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ ಆಡಿಸಿ, ಬಗ್ಗಿ ಬಕೆಟ್ಟಿಗೆ ಉಗಿದ.

ಯಾರೂ ಗ್ಲಾಸು ಎತ್ತಲಿಲ್ಲ.

"ಏನಯ್ಯ ಅದು?" ಸಾಹುಕಾರರು ಕೇಳಿದರು.

"ರುಚಿ ನೋಡೋ ಕ್ರಮ ಸರ್. ಟೇಸ್ಟರುಗಳು ನುಂಗೋದಿಲ್ಲ."

"ಅಲ್ಲ ಮಾರಾಯ, ನೀನು ತಂದ ಮಾಲನ್ನ ನೀನೇ ಉಗೀತೀಯ, ನಮಗೆ ಕುಡೀರಿ ಅಂತೀಯ. ಇದು ಹೆಂಗೆ?"

"ಎಕ್ಸ್‌ಪೈರಿ ಆಗಿರ್ಬೇಕು," ಹಿಂದಿನಿಂದ ಯಾರೋ ಅಂದರು. ಎಲ್ಲರೂ ಹೋ ಎಂದು ನಕ್ಕರು. ತಮ್ಮನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

ನಮ್ಮ ಮನೆಯವರು ಸಹಾಯಕ್ಕೆ ಬಂದರು. "ಇಲ್ಲ ಸಾಹುಕಾರ್ರೇ, ಕ್ರಮಾನೇ ಹಂಗೆ. ನಿಮ್ಮ ತೋಟದ ಕಾಫಿನ ನಾನು ಎಷ್ಟು ಸಲ ಉಗ್ದಿಲ್ಲ?"

"ನೀವು ಉಗೀಬೇಕು ಸ್ವಾಮಿ. ನೀವು ಕೊಳ್ಳೋರ ಕಡೆಯೋರು, ತಪ್ಪು ಹುಡುಕೋರು. ನಾನು ನನ್ನ ಕಾಫಿನ ಯಾರ ಎದುರಿಗಾದ್ರೂ ಉಗ್ದಿದೀನಾ?" ಸಾಹುಕಾರರು ಸಿಟ್ಟಿನಿಂದ ಹೇಳಲಿಲ್ಲ, ತಿಳಿಸಿಕೊಡುವವರಂತೆ ಹೇಳಿದರು. "ನಮ್ಮಪ್ಪ ಕುಯ್ಲು ಮುಗಿದ ದಿನ ಆಳುಗಳಿಗೆ ಹೆಂಡ ತರ್ಸೋರು. ಮೊದಲ್ನೇ ಲೋಟ ಅವರೇ ನಿಂತು ಕುಡೀಬೇಕು, ಎಲ್ಲರ ಎದುರಿಗೆ. ಆಮೇಲೇ ಆಳುಗಳು ಮುಟ್ಟೋದು. ಕೊಡೋನು ಮೊದಲು ಕುಡೀಬೇಕು. ನಮ್ಮ ಕಡೆ ಪದ್ಧತಿ ಅದು."

ಹೌದೌದು ಎಂದು ತಲೆಗಳು ಆಡಿದವು. ನಾನು ರೊಟ್ಟಿಯ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ.

"ಅವನಿಗೆ ಸ್ವಲ್ಪ ಮೈ ಸರಿ—" ಎಂದು ನಮ್ಮ ಮನೆಯವರು ಬಾಯಿ ತೆರೆದರು.

"ಭಾವ," ಅಂದ ತಮ್ಮ. ಅಷ್ಟೇ.

ಹೇಳುವುದಾದರೂ ಏನನ್ನು? ವೈನು ಮಾರುವವನಿಗೆ ಕುಡಿದೂ ಕುಡಿದೂ ಲಿವರು ಹೋಗಿದೆ, ಅದಕ್ಕೆ ಉಗುಳುತ್ತಾನೆ ಎಂದೇ? ಅದನ್ನು ಕೇಳಿದ ಮೇಲೆ ಯಾರು ಗ್ಲಾಸು ಮುಟ್ಟುತ್ತಾರೆ? ಅವನು ಬಾಟಲಿ ಎತ್ತಿ ತನ್ನ ಗ್ಲಾಸಿಗೆ ಇನ್ನೊಮ್ಮೆ ಬಗ್ಗಿಸಿಕೊಂಡ. ಸಾಹುಕಾರರ ಕಡೆ ಗ್ಲಾಸು ಎತ್ತಿ ಹಿಡಿದು, ತಲೆ ಹಿಂದಕ್ಕೆ ಮಾಡಿ ಕುಡಿದ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ನೋಡಿದೆ.

"ಹಾಂ! ಈಗ ಸರಿ," ಎಂದರು ಸಾಹುಕಾರರು. ಎಲ್ಲರೂ ಗ್ಲಾಸು ಎತ್ತಿದರು. ಹಂದಿ ಸಾರಿನ ಜೊತೆ ವೈನು ನಿಜಕ್ಕೂ ಹೊಂದಿತು. ಪಾತ್ರೆ ಖಾಲಿಯಾಯಿತು, ಪೆಟ್ಟಿಗೆ ಪೆಟ್ಟಿಗೆಯಾಗಿ ಆರ್ಡರು ಬಂತು.

ವಾಪಸು ಬರುವಾಗ ಕಾರಿನಲ್ಲಿ ತಮ್ಮ ತಾನಾಗೇ ಮಾತು ತೆಗೆದ. "ಒಂದು ಗ್ಲಾಸು ಅಕ್ಕ. ಒಂದಕ್ಕೆ ಏನಾಗುತ್ತೆ," ಎಂದ. ಡಾಕ್ಟರಮ್ಮ ತೊಟ್ಟು ಎಂದಿದ್ದರು, ಗ್ಲಾಸು ಎಂದಿರಲಿಲ್ಲ. ನಾನು ಅದನ್ನು ಹೇಳಿದೆ. ಅವನು ಕಿಟಕಿಯಾಚೆ ನೋಡಿದ.

ಒಂದಕ್ಕೆ ನಿಲ್ಲುವಂಥದ್ದಾಗಿರಲಿಲ್ಲ ಅದು. ಈ ಬೆಟ್ಟಗಳಲ್ಲಿ ಒಂದು ಎಸ್ಟೇಟಿನ ಸುದ್ದಿ ಜೀಪು ಹತ್ತಿ ಇನ್ನೊಂದಕ್ಕೆ ಹೋಗುತ್ತದೆ. ಸಾಹುಕಾರರ ಎದುರು ಕುಡಿದವನು ನಮ್ಮ ಮನೆಯಲ್ಲಿ ಯಾಕೆ ಉಗಿಯುತ್ತಾನೆ, ನಾವೇನು ಅವರಿಗಿಂತ ಕಡಿಮೆಯೇ ಎಂಬ ಮಾತು ಉಳಿದ ಪ್ಲಾಂಟರುಗಳಿಂದ ಬರುತ್ತದೆ. ಒಬ್ಬರ ಮನೆಯಲ್ಲಿ ಊಟ ಮಾಡಿ ಪಕ್ಕದ ಮನೆಯಲ್ಲಿ ನೀರೂ ಬೇಡ ಅಂದ ಹಾಗೆ. ಅವನು ಪ್ಲಾಂಟರುಗಳ ಬಂಗಲೆಯಿಂದ ಬಂಗಲೆಗೆ ಹೋಗತೊಡಗಿದ. ಬಣಕಲ್ ಆಯಿತು, ಕೊಟ್ಟಿಗೆಹಾರ ಆಯಿತು, ಕಳಸದ ಕಡೆ ಹೊರಟ.

ಬಕೆಟ್ಟು ಒಣಗಿ ಬರತೊಡಗಿತು.

ಮೊದಲ ದಿನ ನಾನೇ ನನಗೆ ಸಮಾಧಾನ ಹೇಳಿಕೊಂಡೆ, ಇವತ್ತು ಬರೀ ಮಾತುಕತೆ ಇತ್ತೇನೋ ಅಂತ. ಮತ್ತೆ ಮತ್ತೆ ಹಾಗೇ ಆಯಿತು. ಸೋಪಿನ ಪುಡಿ ಹಾಕಲೂ ಏನೂ ಇಲ್ಲ. ಒಂದು ಸಂಜೆ ಬಕೆಟ್ಟು ಅವನ ಕೈಗೆ ಕೊಟ್ಟು, "ಇದನ್ನ ಸುಮ್ನೆ ಯಾಕೆ ಹೊತ್ಕೊಂಡು ತಿರುಗ್ತೀಯ, ಮನೇಲೇ ಇಡು," ಎಂದೆ. ಅವನು ಅದನ್ನು ಮತ್ತೆ ತನ್ನ ಚೀಲದ ಪಕ್ಕಕ್ಕೇ ಇಟ್ಟುಕೊಂಡ.

ಮಾರನೆಯ ದಿನದಿಂದ ಬಕೆಟ್ಟು ಒದ್ದೆಯಾಗಿ ಬಂತು.

ನನಗೆ ಎಷ್ಟು ಹಗುರವಾಯಿತೆಂದರೆ, ಅವತ್ತು ಅವನಿಗಿಷ್ಟವೆಂದು ಕಡುಬು ಮಾಡಿದೆ. ಒಲೆಯ ಮೇಲೆ ಕಡುಬು ಬೇಯುತ್ತಿದ್ದಾಗ ಬಕೆಟ್ಟು ತೊಳೆಯಲು ಕೂತೆ. ತಳದಲ್ಲಿ ತಿಳಿಯಾದ ಹಳದಿ ವೈನು ನಿಂತಿತ್ತು. ತೀರ ತಿಳಿ. ಕಾಫಿಯಾಗಲಿ ವೈನಾಗಲಿ, ಬಾಯಿಂದ ಬಂದದ್ದರ ಮೇಲೆ ನೊರೆ ಇರುತ್ತದೆ, ಎಳೆ ಇರುತ್ತದೆ, ಕದಡಿರುತ್ತದೆ. ಇಷ್ಟು ವರ್ಷ ಅದನ್ನು ತೊಳೆದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ. ಇದು ಬಾಟಲಿಯಿಂದ ನೇರ ಬಗ್ಗಿಸಿದ್ದು. ನನಗಾಗಿ ಬಗ್ಗಿಸಿದ್ದು. ಕೆಂಪಿರುವೆಯೊಂದು ಅದರಲ್ಲಿ ಬಿದ್ದು ಕಾಲಾಡಿಸುತ್ತಿತ್ತು. ನಾನು ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಹೂಂ," ಎಂದು ಒಳಗೆ ಹೋದರು.

ಮರುದಿನ ಬೆಳಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಕೇಳಿದೆ. ಜಗಳವಾಡಲಿಲ್ಲ.

"ಒಳ್ಳೇ ವೈನು ಯಾಕೆ ಚೆಲ್ತೀಯ? ನಂಗೆ ತೋರ್ಸೋಕಾ?"

ಅವನ ಕೈ ಲೇಸಿನ ಮೇಲೆ ನಿಂತಿತು. ಕಣ್ಣಿನ ಬಿಳಿಯಲ್ಲಿ ಮತ್ತೆ ಹಳದಿ ಇಣುಕಿತ್ತು. ಹಗಲ ಬೆಳಕಿನಲ್ಲಿ ಮುಚ್ಚಿಡಲಾಗದು.

"ಅಕ್ಕ, ಕಳಸದ್ದು ಮುಗಿದ್ರೆ ನಂಗೆ ಬೆಂಗಳೂರಿನಲ್ಲಿ ಕೂತು ಮಾಡೋ ಕೆಲಸ ಕೊಡ್ತಾರಂತೆ. ಯಾರ ಎದುರಿಗೂ ಕುಡೀಬೇಕಾಗಿಲ್ಲ. ಅಲ್ಲೀ ತನಕ."

"ನಿಂಗೆ ಹುಷಾರಿಲ್ಲ ಅಂತ ಕಂಪನಿಗಾದ್ರೂ ಹೇಳೋ."

"ಹೇಳಿದ್ರೆ ಇವತ್ತೇ ಬೇರೆಯೋನನ್ನ ಕಳಿಸ್ತಾರೆ." ಲೇಸು ಕಟ್ಟಿ ಮುಗಿಸಿದ. "ನಾನು ಆ ಗುಡ್ಡ ಹತ್ತಿದೋನು ಅಕ್ಕ. ಬೇರೆಯೋನು ಬಂದು ಅದೇ ಅಗ್ಗದ ಸಿಹಿ ನೀರು ಅಂತ ಮಾರ್ತಾನೆ."

ನಾನು ಅವನ ತೋಳು ಹಿಡಿದುಕೊಂಡೆ. ಅವನು ಮೆಲ್ಲಗೆ ಬಿಡಿಸಿಕೊಂಡು, ಸ್ಲೇಟು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೋದ. ಬಕೆಟ್ಟು ಜಗಲಿಯಲ್ಲೇ ಉಳಿ‌ಯಿತು.

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ, ಕಳಸದ ಕಡೆಯ ಎಸ್ಟೇಟ್ ಬಂಗಲೆಯೊಂದರಲ್ಲಿ ಊಟಕ್ಕೆ ಕೂತಿದ್ದಾಗ ಅವನು ರಕ್ತ ಕಾರಿಕೊಂಡ. ಅಲ್ಲಿಯವರು ಒಳ್ಳೆಯ ಜನ. ಕೂಡಲೇ ತಮ್ಮ ಜೀಪಿನಲ್ಲೇ ಹಾಕಿಕೊಂಡು ಮಂಗಳೂರಿಗೆ ಓಡಿಸಿದರು. ನಾವು ಚಾರ್ಮಾಡಿ ಘಾಟಿ ಇಳಿದು ಹೋಗಿ ತಲುಪಿದಾಗ ಅವನಿಗೆ ಎಚ್ಚರವಿತ್ತು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಸೆ ಇದೆ ಎಂದು ತಿಳಿಯುತ್ತಿದ್ದೆ. ಅವನು ನೀರು ಕೇಳಿದ. ಕುಡಿಸಬಾರದು, ಬರೀ ಬಾಯಿ ಒದ್ದೆ ಮಾಡಿ ಎಂದರು ನರ್ಸು. ಚಮಚದಲ್ಲಿ ನೀರು ಹಾಕಿ, ತುಟಿಯ ಕೆಳಗೆ ಟ್ರೇ ಹಿಡಿದೆ. ಅವನು ತಲೆಯನ್ನು ಮುಂದಕ್ಕೆ ತಂದು, ನಾಲಿಗೆಯ ಬುಡ ಎತ್ತಿ, ಭಾವ ಕಲಿಸಿದ ಹಾಗೇ ಉಗಿದ. ನಮ್ಮ ಮನೆಯವರು ಕೋಣೆಯಿಂದ ಹೊರಗೆ ಹೋದರು.

ಮೂರನೆಯ ದಿನ ಹೋಗಿಬಿಟ್ಟ.

ಕಂಪನಿಯವರು ವ್ಯಾನು ಕಳಿಸಿ ಉಳಿದ ಬಾಟಲಿ, ಗ್ಲಾಸುಗಳನ್ನು ತೆಗೆದುಕೊಂಡು ಹೋದರು. ನಕ್ಷೆ ಬೇಡವೆಂದರು, ಹೊಸದು ಬಂದಿದೆಯಂತೆ. ಅದು ಗೋಡೆಯಲ್ಲೇ ಇದೆ.

ತಿಥಿಯೆಲ್ಲ ಮುಗಿದ ಮೇಲೆ ಸಾಹುಕಾರರು ಮನೆಗೆ ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಲು ಕಷ್ಟಪಟ್ಟರು. ನಾನು ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ನಕ್ಷೆಯ ಕಡೆ ನೋಡುತ್ತ ಕೂತರು.

"ಒಳ್ಳೇ ಮನುಷ್ಯ ಕಣಮ್ಮ," ಎಂದರು. "ಮೊದಲ್ನೇ ದಿನ ಉಗಿದಾಗ ನಾನು ಬೇರೇನೇ ಅಂದ್ಕೊಂಡಿದ್ದೆ. ಆಮೇಲೆ ನಮ್ಮ ಜೊತೆ ಕೂತು ಕುಡೀತಿದ್ದ. ಜಂಬ ಅನ್ನೋದಿರ್ಲಿಲ್ಲ."

ನಾನು ಕಾಫಿ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಬೇಕೆಂದು ಎದ್ದವಳು ಅಲ್ಲೇ ನಿಂತೆ. ನಮ್ಮ ಮನೆಯವರು ಹೇಳಿದರು, ಕಾಫಿಯ ದೋಷ ಹೇಳುವ ಅದೇ ಸಣ್ಣ ದನಿಯಲ್ಲಿ. ಲಿವರಿನ ಕಥೆ, ಡಾಕ್ಟರಮ್ಮ ಹೇಳಿದ್ದು, ಜಗಲಿಯ ಪಾಠ. ಯಾರನ್ನೂ ದೂರಲಿಲ್ಲ.

ಸಾಹುಕಾರರ ಕೈಯಲ್ಲಿದ್ದ ಕಾಫಿ ಆರಿತು.

"ನಂಗೆ ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವನ ಹತ್ರ ವೈನು ತಗೊಳ್ತಿದ್ರಾ?" ನಮ್ಮ ಮನೆಯವರು ಕೇಳಿದರು. ಚುಚ್ಚಲಿಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು.

ಅವರು ಯೋಚನೆ ಮಾಡಿದರು. ಸುಳ್ಳು ಹೇಳಿ ತಾವು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಇಲ್ಲ," ಎಂದರು. "ತಗೊಳ್ತಿರ್ಲಿಲ್ಲ."

ಆಮೇಲೆ ಆರಿದ ಕಾಫಿಯನ್ನು ತಳದ ತನಕ ಕುಡಿದು ಲೋಟ ಕೆಳಗಿಟ್ಟರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಅವನು ಕೊಟ್ಟ ವೈನು ನಮ್ಮನೇಲಿ ಇನ್ನೂ ಒಂದು ಪೆಟ್ಟಿಗೆ ಇದೆ. ಏನ್ ಮಾಡೋದು ಅಂತ ಗೊತ್ತಾಗ್ತಿಲ್ಲ," ಎಂದರು. ನಮಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಚೀಲದಲ್ಲಿ ಸ್ಲೇಟು ಕಲ್ಲು ಸಿಕ್ಕಿತು. ಉಪ್ಪಿನಕಾಯಿ ಜಾಡಿಯ ಬಟ್ಟೆಯ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ನಮ್ಮ ಮನೆಯವರಿಗೆ ಸ್ಯಾಂಪಲ್ಲುಗಳು ಬರುತ್ತಲೇ ಇವೆ, ಸುರ್ರೆನ್ನುವ ಸದ್ದೂ ಇದೆ. ಉಗಿಯುವಾಗ ಮಾತ್ರ ಈಗ ಜಗಲಿಯ ಬಾಗಿಲು ಎಳೆದುಕೊಳ್ಳುತ್ತಾರೆ. ಸ್ಟೀಲಿನ ಬಕೆಟ್ಟಿನಲ್ಲಿ ನಾನು ಕೋಳಿಗಳಿಗೆ ನೀರಿಡುತ್ತೇನೆ. ಸಂಜೆಗೆ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಬಕೆಟ್ಟು ತೊಳೆದು, ಪೀಕದಾನಿಯ ಪಕ್ಕ ಬೋರಲು ಹಾಕುತ್ತೇನೆ.